ರಾಕೆಟ್ ಹೇಳಿದ ದಿನಕ್ಕೇ ಹಾರೀತೇ? ಉಡಾವಣೆಯ ಸಂಭವನೀಯತೆಯನ್ನು ಲೆಕ್ಕ ಹಾಕುವ ಬಗೆ

ಶುಭಾಂಶು ಶುಕ್ಲಾ ಅವರಿದ್ದ ಆಕ್ಸಿಯಮ್-4 ಯಾನಕ್ಕೆ 2025ರ ಮೇ 29 ಎಂದು ದಿನ ಗೊತ್ತಾಗಿತ್ತು. ಅದು ಜೂನ್ 8ಕ್ಕೆ ಹೋಯಿತು. ಅಲ್ಲಿಂದ 10, 11, 19, 22 ಎಂದು ಸರಿಯುತ್ತ ಸರಿಯುತ್ತ, ಕೊನೆಗೆ ಜೂನ್ 25ರ ಮಧ್ಯಾಹ್ನ 12:01ಕ್ಕೆ ಫಾಲ್ಕನ್-9 ಮೇಲೇರಿತು. ಹೇಳಿದ ಕಾರಣಗಳೂ ಒಂದೊಂದು ಸಲ ಒಂದೊಂದು: ನೌಕೆಯ ವಿದ್ಯುತ್ ತಂತಿಗಳ ಜೋಡಣೆ, ಮೇಲ್ಮಟ್ಟದ ಗಾಳಿ, ರಾಕೆಟ್‌ನಲ್ಲಿ ದ್ರವ ಆಮ್ಲಜನಕದ ಸೋರಿಕೆ, ಕಡೆಗೆ ಬಾಹ್ಯಾಕಾಶ ನಿಲ್ದಾಣದ ರಷ್ಯಾ ಭಾಗದಲ್ಲಿರುವ ಜ್ವೆಜ್ದಾ ಮಾಡ್ಯೂಲ್‌ನ ಗಾಳಿ ಸೋರಿಕೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ಸಿದ್ಧಪಡಿಸಿದ್ದ ಹೆಸರುಕಾಳು, ಮೆಂತ್ಯದ ಮೊಳಕೆ ಪ್ರಯೋಗವೂ ಇದೇ ಯಾನದಲ್ಲಿ ಹೋಗಬೇಕಿದ್ದರಿಂದ ಇಲ್ಲಿನ ಓದುಗರು ದಿನದಿನವೂ ಸುದ್ದಿ ನೋಡುತ್ತಿದ್ದರು, ದಿನದಿನವೂ ಗೊಂದಲಕ್ಕೆ ಬೀಳುತ್ತಿದ್ದರು.

ಇಷ್ಟು ಸಲ ಮುಂದೂಡಿದ್ದಾರೆಂದರೆ ರಾಕೆಟ್‌ನಲ್ಲೇ ಏನೋ ಐಬಿದೆ ಎಂದು ಕೆಲವರು ಅಂದುಕೊಂಡರು. ಇಷ್ಟು ದೊಡ್ಡ ಸಂಸ್ಥೆಗಳಿಗೆ ಒಂದು ದಿನ ನೆಟ್ಟಗೆ ಗೊತ್ತುಮಾಡಲು ಬರುವುದಿಲ್ಲವೇ ಎಂದು ಇನ್ನು ಕೆಲವರು ಕೇಳಿದರು. ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಪ್ರಕಟಿಸಿದ ದಿನಕ್ಕೇ ರಾಕೆಟ್ ಹಾರುವ ಸಂಭವ ಎಷ್ಟು, ಒಂದು ವಾರದೊಳಗೆ ಹಾರುವ ಸಂಭವ ಎಷ್ಟು, ಹಾರಲು ಅವಕಾಶವಿರುವ ಅವಧಿ ಮುಗಿಯುವುದರೊಳಗೆ ಹಾರದೇ ಹೋಗುವ ಸಂಭವ ಎಷ್ಟು ಎಂಬುದನ್ನು ಕಂಪ್ಯೂಟರ್ ಸಿಮ್ಯುಲೇಷನ್‌ನಿಂದ ಅಂದಾಜು ಮಾಡುವ ವಿಧಾನ ದಶಕಗಳಿಂದ ಬಳಕೆಯಲ್ಲಿದೆ. ಆ ಅಂಕಿ ಹೊರಗೆ ಬರುವುದು ಮಾತ್ರ ಅಪರೂಪ. ಜನರಿಗೆ ತಲುಪುವುದು ಒಂದೇ ಒಂದು ದಿನಾಂಕ.

ದಿನಾಂಕ ಹೇಳುವುದು ಏನನ್ನು?

ನಾಸಾದ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ "ಇಂಥ ದಿನಕ್ಕಿಂತ ಮೊದಲಿಲ್ಲ" ಎಂದಿರುತ್ತದೆ. ಸುದ್ದಿಯಾಗುವ ಹೊತ್ತಿಗೆ "ಮೊದಲಿಲ್ಲ" ಬಿದ್ದುಹೋಗಿ ದಿನವಷ್ಟೇ ಉಳಿಯುತ್ತದೆ. ಎಲ್ಲ ಕೆಲಸವೂ ಅಡ್ಡಿಯಿಲ್ಲದೆ ಮುಗಿದರೆ ಹಾರಬಹುದಾದ ಅತಿ ಬೇಗನೆಯ ದಿನ ಅದು. ಅಡ್ಡಿಗಳೆಲ್ಲ ಅದನ್ನು ಮುಂದಕ್ಕೇ ತಳ್ಳುತ್ತವೆ; ಹಿಂದಕ್ಕೆ ಎಳೆಯುವಂಥದ್ದು ಬಹಳ ಕಡಿಮೆ. ಒಂದು ಪರೀಕ್ಷೆ ಎರಡು ಗಂಟೆ ಬೇಗ ಮುಗಿದರೂ ಮುಂದಿನ ತಂಡ, ಕ್ರೇನ್, ಉಡಾವಣಾ ಪ್ರದೇಶದ ಅನುಮತಿ ಎಲ್ಲವೂ ಮೊದಲು ಗೊತ್ತುಮಾಡಿದ ಹೊತ್ತಿಗೇ ಸಿಗುತ್ತವೆ. ತಡವಾದರೆ ಮಾತ್ರ ಅದರ ಹಿಂದಿರುವ ಎಲ್ಲವೂ ತಡ.

ಇದರ ಮೇಲೆ ಭೌತಶಾಸ್ತ್ರದ ಕಟ್ಟುಪಾಡು. ಬಾಹ್ಯಾಕಾಶ ನಿಲ್ದಾಣ ಸುತ್ತುವ ಸಮತಲದ ಕೆಳಗೆ ಉಡಾವಣಾ ವೇದಿಕೆ ಹಾದುಹೋಗುವ ಕ್ಷಣದಲ್ಲೇ ಫಾಲ್ಕನ್ ಹೊರಡಬೇಕು. ಆ ಕ್ಷಣ ದಿನಕ್ಕೆ ಒಂದೇ ಸಲ ಅನುಕೂಲಕ್ಕೆ ಬರುತ್ತದೆ, ಅದೂ ದಿನೇದಿನೇ ಹಿಂದಕ್ಕೆ ಜರುಗುತ್ತದೆ. ಜೂನ್ 11ಕ್ಕೆ ಭಾರತೀಯ ಕಾಲಮಾನ ಸಂಜೆ 5:30 ಎಂದಿತ್ತು, ಜೂನ್ 25ಕ್ಕೆ ಮಧ್ಯಾಹ್ನ 12:01. ಹದಿನಾಲ್ಕು ದಿನಕ್ಕೆ 5 ಗಂಟೆ 29 ನಿಮಿಷ, ಅಂದರೆ ದಿನಕ್ಕೆ ಇಪ್ಪತ್ಮೂರು ನಿಮಿಷ ಚಿಲ್ಲರೆ. ಹೀಗಾಗಿ ಹತ್ತು ನಿಮಿಷದ ತೊಂದರೆಗೂ ಇಡೀ ದಿನ ಕಳೆಯಬೇಕಾಗುತ್ತದೆ. ಮಂಗಳಕ್ಕೆ ಹೋಗುವ ನೌಕೆಯದು ಇನ್ನೂ ಕಷ್ಟ: ಮುಹೂರ್ತ ಮೀರಿದರೆ 26 ತಿಂಗಳು ಕಾಯಬೇಕು. ನಾಸಾದ ಇನ್‌ಸೈಟ್ ಲ್ಯಾಂಡರ್ 2016ರ ಮಾರ್ಚ್‌ನಲ್ಲಿ ಹೊರಡಬೇಕಿತ್ತು. ಭೂಕಂಪ ಮಾಪಕದ ನಿರ್ವಾತ ಕೋಶದಲ್ಲಿ ಸೋರಿಕೆ ಕಂಡಿತು. ಹೊರಟಿದ್ದು 2018ರ ಮೇ 5ಕ್ಕೆ.

ಆದ್ದರಿಂದ "ಹೇಳಿದ ದಿನ ಹಾರುತ್ತದೆಯೇ" ಎಂಬ ಪ್ರಶ್ನೆಗಿಂತ "ಅವಧಿ ಮುಗಿಯುವುದರೊಳಗೆ ಹಾರುತ್ತದೆಯೇ" ಎಂಬುದು ಮುಖ್ಯ. ಸಿಮ್ಯುಲೇಷನ್ ಬೇಕಾಗುವುದು ಈ ಎರಡನೇ ಪ್ರಶ್ನೆಗೆ.

ಆರ್ಟೆಮಿಸ್-1 ಕಂಡ 80 ದಿನ

ಒಂದು ಉಡಾವಣೆಯೊಳಗೆ ಎಷ್ಟು ಗಡಿಯಾರಗಳು ಒಟ್ಟಿಗೆ ಓಡುತ್ತಿರುತ್ತವೆ ಎಂಬುದಕ್ಕೆ ಚಂದ್ರನತ್ತ ಹೋಗಿಬಂದ ನಾಸಾದ ಮಾನವರಹಿತ ಯಾನ, 2022ರ ಆರ್ಟೆಮಿಸ್-1ಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಅದನ್ನು ಒಯ್ದ ಎಸ್‌ಎಲ್‌ಎಸ್ ರಾಕೆಟ್‌ನ ಮುಖ್ಯ ಹಂತಕ್ಕೆ ಸುಮಾರು 20 ಲಕ್ಷ ಲೀಟರ್ ದ್ರವ ಜಲಜನಕ, 7.4 ಲಕ್ಷ ಲೀಟರ್ ದ್ರವ ಆಮ್ಲಜನಕ ತುಂಬಬೇಕು. ಜಲಜನಕ ಇರುವುದು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ಹರಿದಾಗ ಲೋಹದ ಜೋಡಣೆಗಳು ಕುಗ್ಗುತ್ತವೆ, ಸೀಲ್‌ಗಳು ಗಟ್ಟಿಯಾಗುತ್ತವೆ, ಅತಿ ಚಿಕ್ಕ ಅಣುವಾದ ಜಲಜನಕ ಸಿಕ್ಕ ಸಂದಿಯಲ್ಲಿ ನುಸುಳುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಪರೀಕ್ಷಿಸಿದಾಗ ಚೂರೂ ಸೋರದ ಜೋಡಣೆ, ತಣ್ಣಗಾದ ಮೇಲೆ ಸೋರಬಹುದು. ಈ ದೋಷ ಇದೆಯೇ ಇಲ್ಲವೇ ಎಂದು ತಿಳಿಯಬೇಕಾದರೆ ಇಂಧನ ತುಂಬಿಯೇ ನೋಡಬೇಕು. ಅಂದರೆ ಹೆಚ್ಚಿನ ಸಲ ಅದು ಗೊತ್ತಾಗುವುದೇ ಉಡಾವಣೆಯ ದಿನ.

ಆಗಸ್ಟ್ 29ರಂದು ಮೂರನೇ ಎಂಜಿನ್ ಸಾಕಷ್ಟು ತಣ್ಣಗಾಗಿಲ್ಲ ಎಂದು ಸೆನ್ಸರ್ ತೋರಿಸಿತು. ಕ್ಷಣಗಣನೆ ನಿಂತಿತು. ತಪ್ಪು ಸೆನ್ಸರ್‌ನದು ಎಂದು ಆಮೇಲೆ ತೀರ್ಮಾನವಾಯಿತು. ಸೆಪ್ಟೆಂಬರ್ 3ರಂದು, ರಾಕೆಟ್‌ನ ಬುಡದಲ್ಲಿ 8 ಇಂಚಿನ ಜಲಜನಕ ಕೊಳವೆ ಬಂದು ಸೇರುವ ಕಡೆ ಸೋರಿಕೆ. ಹೊರಗಿನ ಗಾಳಿಯಲ್ಲಿ ಜಲಜನಕ ಶೇ 4 ಮೀರಬಾರದು ಎಂಬ ಮಿತಿ ಇದೆ, ಅದಕ್ಕಿಂತ ಮೇಲಾದರೆ ಹೊತ್ತಿಕೊಳ್ಳಬಹುದು. ಆ ದಿನ ಮಿತಿ ದಾಟಿತ್ತು. ಸೀಲ್ ಬಿಚ್ಚಿ ನೋಡಿದಾಗ ಅದರಲ್ಲೊಂದು ಚಿಕ್ಕ ತಗ್ಗು. ಸೀಲ್ ಬದಲಿಸಿ, ಒತ್ತಡ ಕಡಿಮೆ ಮಾಡಿ ನಿಧಾನವಾಗಿ ತುಂಬುವ ಕ್ರಮ ರೂಪಿಸಿ, ಸೆಪ್ಟೆಂಬರ್ 21ರಂದು ಪರೀಕ್ಷೆಗಾಗಿಯೇ ಇಂಧನ ತುಂಬಿ ನೋಡಿದರು.

ಅಷ್ಟರಲ್ಲಿ ಬೇರೆ ಗಡಿಯಾರಗಳು ಓಡುತ್ತಿದ್ದವು. ದಾರಿ ತಪ್ಪಿದ ರಾಕೆಟ್ ಅನ್ನು ನಾಶ ಮಾಡುವ ವ್ಯವಸ್ಥೆಯ ಬ್ಯಾಟರಿಗಳಿಗೆ ಮೊದಲು 20 ದಿನ, ಬಳಿಕ 25 ದಿನದ ಮಾನ್ಯತೆ ಇತ್ತು. ಅವನ್ನು ಮರುಪರೀಕ್ಷಿಸಲು ರಾಕೆಟ್ ಅನ್ನು ಆರು ಕಿಲೋಮೀಟರ್ ಆಚೆಗಿನ ಜೋಡಣಾ ಕಟ್ಟಡಕ್ಕೆ ವಾಪಸ್ ಒಯ್ಯಬೇಕು. ಹೋಗುವುದಕ್ಕೇ ಒಂದು ಹಗಲೋ ಒಂದು ರಾತ್ರಿಯೋ ಬೇಕು. ಇನ್ನೊಂದೆಡೆ ಚಂದ್ರನ ಸ್ಥಾನ. ಈ ರಾಕೆಟ್ ಹೊತ್ತೊಯ್ಯುವ ಒರಾಯನ್ ನೌಕೆ ಒಂದೇ ಸಮನೆ 90 ನಿಮಿಷಕ್ಕಿಂತ ಹೆಚ್ಚು ಕತ್ತಲಲ್ಲಿ ಇರುವಂತಿಲ್ಲ, ಹಿಂತಿರುಗಿ ಸಮುದ್ರಕ್ಕೆ ಬೀಳುವಾಗ ಹಗಲಿರಬೇಕು. ಹಾಗಾಗಿ ಸುಮಾರು ಎರಡು ವಾರ ಅವಕಾಶ, ನಂತರ ಎರಡು ವಾರ ಇಲ್ಲ. ಸೆಪ್ಟೆಂಬರ್ ಕೊನೆಗೆ ಇಯಾನ್ ಚಂಡಮಾರುತ ಬಂತು, ರಾಕೆಟ್ ಒಳಗೆ ಹೋಯಿತು. ನವೆಂಬರ್ 10ಕ್ಕೆ ನಿಕೋಲ್ ಬಂದಾಗ ವೇದಿಕೆಯ ಮೇಲೇ ನಿಂತು ಗಾಳಿ ತಡೆದುಕೊಂಡಿತು. ನವೆಂಬರ್ 15ರ ರಾತ್ರಿ ಕ್ಷಣಗಣನೆಯ ನಡುವೆ ಇನ್ನೊಂದು ಜಲಜನಕ ವಾಲ್ವ್ ಸೋರಿದಾಗ, ತುಂಬಿದ ರಾಕೆಟ್‌ನ ಬುಡಕ್ಕೇ ಮೂವರು ಹೋಗಿ ನಟ್ ಬಿಗಿ ಮಾಡಿ ಬಂದರು. ಎರಡು ಗಂಟೆಯ ಲಾಂಚ್ ವಿಂಡೋ, ಅಂದರೆ ಹಾರಲು ಅವಕಾಶವಿರುವ ಹೊತ್ತು, 16ರ ನಸುಕಿನ 1:04ಕ್ಕೆ ತೆರೆದಿತ್ತು. ರಾಕೆಟ್ ಏರಿದ್ದು 1:47ಕ್ಕೆ.

ಈ ಎಲ್ಲವನ್ನೂ ಕಾಗದದ ಮೇಲೆ ಒಂದು ಸೂತ್ರದಲ್ಲಿ ಹಿಡಿಯಲಾಗದು. ಒಂದು ಸೋರಿಕೆ ನಾಲ್ಕು ದಿನ ತಿಂದರೆ ಬ್ಯಾಟರಿ ಮಾನ್ಯತೆ ಮುಗಿಯಬಹುದು. ಅದು ಮುಗಿದರೆ ರಾಕೆಟ್ ವಾಪಸ್, ವಾಪಸ್ ಹೋದರೆ ಚಂದ್ರನ ಅವಧಿ ಕೈತಪ್ಪುತ್ತದೆ, ಮುಂದಿನ ಅವಧಿ ಚಂಡಮಾರುತದ ಕಾಲಕ್ಕೆ ಬರುತ್ತದೆ. ಒಂದರಿಂದ ಒಂದಕ್ಕೆ ಹಬ್ಬುವ ಈ ಪರಿಣಾಮವನ್ನು ನೋಡಲು ಇಡೀ ಸರಣಿಯನ್ನು ಸಾವಿರಾರು ಸಲ ನಡೆಸಿಯೇ ನೋಡಬೇಕು.

ಸಿಮ್ಯುಲೇಷನ್ ಒಳಗೆ ಏನಿರುತ್ತದೆ

ಇದಕ್ಕೆ ಬಳಸುವುದು ಘಟನೆಗಳ ಸರಣಿಯನ್ನು ಅನುಕರಿಸುವ ಬಗೆಯ ಸಿಮ್ಯುಲೇಷನ್. ರಾಕೆಟ್ ಹಾರುವ ಪಥವನ್ನಾಗಲಿ ಎಂಜಿನ್‌ನ ಉರಿಯನ್ನಾಗಲಿ ಇದು ಲೆಕ್ಕ ಹಾಕುವುದಿಲ್ಲ. ಒಂದು ಕೆಲಸ ಶುರುವಾಯಿತು, ಮುಗಿಯಿತು, ಕೆಟ್ಟಿತು, ದುರಸ್ತಿಯಾಯಿತು ಎಂಬ ಘಟನೆಗಳಷ್ಟೇ ಇದರ ವಸ್ತು. ಗಡಿಯಾರ ಒಂದು ಘಟನೆಯಿಂದ ಮುಂದಿನ ಘಟನೆಗೆ ನೆಗೆಯುತ್ತದೆ.

ಮೊದಲು ಕೆಲಸಗಳ ಪಟ್ಟಿ ಬೇಕು: ಹಂತಗಳ ಜೋಡಣೆ, ಪರೀಕ್ಷೆ, ವೇದಿಕೆಗೆ ಸಾಗಣೆ, ವೇದಿಕೆಯ ಮೇಲಿನ ಕೆಲಸ, ಇಂಧನ ತುಂಬುವುದು, ಕೊನೆಯ ಕ್ಷಣಗಣನೆ. ಪ್ರತಿ ಕೆಲಸಕ್ಕೂ ಒಂದೇ ಅವಧಿ ಕೊಡುವುದಿಲ್ಲ. ಕಡಿಮೆಯೆಂದರೆ ಇಷ್ಟು, ಸಾಮಾನ್ಯವಾಗಿ ಇಷ್ಟು, ಹೆಚ್ಚೆಂದರೆ ಇಷ್ಟು ಎಂದು ಒಂದು ಹರವು ಕೊಡುತ್ತಾರೆ. ಅದರ ಜತೆಗೆ ಕೆಡುವ ಸಂಭವ, ಕೆಟ್ಟರೆ ದುರಸ್ತಿಗೆ ಹಿಡಿಯುವ ಸಮಯ, ದುರಸ್ತಿ ಫಲಿಸುವ ಸಂಭವ.

ಎರಡನೆಯದು ಹವಾಮಾನ. ಸುಮ್ಮನೆ "ಮಳೆ ಬರುತ್ತದೆಯೇ" ಎಂದರೆ ಸಾಲದು, ಉಡಾವಣೆಯ ನಿಯಮಗಳನ್ನೇ ಹವಾಮಾನ ದಾಖಲೆಗಳ ಮೇಲೆ ಹೊಂದಿಸಿ ನೋಡಬೇಕು. ಫ್ಲಾರಿಡಾದಲ್ಲಿ 10 ನಾಟಿಕಲ್ ಮೈಲಿಯೊಳಗೆ ಸಿಡಿಲು ಬಡಿದರೆ 30 ನಿಮಿಷ ಉಡಾವಣೆ ಇಲ್ಲ. ಗುಡುಗುಮೋಡದ ತುದಿಯಿಂದ ಚಾಚಿದ ಹರವಿನ ಮೂಲಕ ಹಾರುವಂತಿಲ್ಲ. 1969ರಲ್ಲಿ ಅಪೊಲೊ-12ಕ್ಕೆ ಮೇಲೇರಿದ ಮೊದಲ ನಿಮಿಷದಲ್ಲೇ ಎರಡು ಸಲ ಸಿಡಿಲು ಬಡಿಯಿತು. 1987ರಲ್ಲಿ ಅಟ್ಲಾಸ್-ಸೆಂಟಾರ್ ರಾಕೆಟ್ ಒಂದು ತಾನೇ ಕೆರಳಿಸಿದ ಸಿಡಿಲಿನಿಂದ ನಾಶವಾಯಿತು. ಈ ಕಾರಣಕ್ಕೇ ನಿಯಮಗಳು ಇಷ್ಟು ಬಿಗಿ. ತಿಂಗಳು ಮತ್ತು ಗಂಟೆ ಎರಡೂ ಬದಲಾದಂತೆ ನಿಯಮ ಮುರಿಯುವ ಸಂಭವವೂ ಬದಲಾಗುತ್ತದೆ. ಜುಲೈ ತಿಂಗಳ ಫ್ಲಾರಿಡಾದ ಸಂಜೆ ಒಂದು, ಬೆಳಗಿನ ಜಾವ ಇನ್ನೊಂದು. ಶ್ರೀಹರಿಕೋಟಾಕ್ಕೆ ಹೆಚ್ಚಿನ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ಅಲ್ಲಿನ ಕೋಷ್ಟಕವೇ ಬೇರೆ.

ಮೂರನೆಯದು ಮರುಪ್ರಯತ್ನದ ನಿಯಮ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಒಂದು ಪ್ರಯತ್ನ ರದ್ದಾದರೆ ತುಂಬಿದ ಇಂಧನ ಹೊರತೆಗೆಯಬೇಕು. ಆವಿಯಾಗಿ ಹೋದ ಜಲಜನಕವನ್ನು ಟ್ಯಾಂಕರ್‌ಗಳಲ್ಲಿ ತಂದು ವೇದಿಕೆಯ ಸಂಗ್ರಹ ಮತ್ತೆ ತುಂಬಿಸಬೇಕು, ತಂಡಕ್ಕೆ ನಿದ್ದೆ ಬೇಕು. ಎಷ್ಟು ಗಂಟೆಗೆ ರದ್ದಾಯಿತು ಎಂಬುದರ ಮೇಲೆ ಮರುಪ್ರಯತ್ನ 24 ಗಂಟೆಗೋ 48 ಗಂಟೆಗೋ ಎಂಬುದು ನಿರ್ಧಾರವಾಗುತ್ತದೆ. ಇಂಧನ ತುಂಬುವ ಮೊದಲೇ ರದ್ದು ಮಾಡಿದರೆ ನಷ್ಟ ಬಹಳ ಕಡಿಮೆ. ಹವಾಮಾನ ಅನುಮಾನವಿದ್ದಾಗ ಟ್ಯಾಂಕ್ ತುಂಬುವ ಮುಂಚೆಯೇ ಒಂದು ಸಭೆ ನಡೆಸುವುದು ಅದಕ್ಕೇ.

ಕೊನೆಗೆ ಕ್ಯಾಲೆಂಡರ್: ಕಕ್ಷೆಯ ಅವಧಿ, ಬೇರೆ ಉಡಾವಣೆಗಳಿಗೆ ಕಾದಿರಿಸಿದ ದಿನ, ಬ್ಯಾಟರಿ ಮತ್ತು ಬೂಸ್ಟರ್‌ಗಳ ಮಾನ್ಯತೆ.

ಒಂದು ಚಿಕ್ಕ ಲೆಕ್ಕ

ಕೆಳಗಿನ ಅಂಕಿಗಳು ವಿಧಾನ ತೋರಿಸಲು ಊಹಿಸಿಕೊಂಡವು, ಯಾವ ರಾಕೆಟ್‌ನವೂ ಅಲ್ಲ. ಒಂದು ಅವಧಿಯಲ್ಲಿ ಹೆಚ್ಚೆಂದರೆ ಮೂರು ಪ್ರಯತ್ನ ಸಾಧ್ಯ. ಪ್ರತಿ ಪ್ರಯತ್ನದಲ್ಲೂ ಹವಾಮಾನ ಅಡ್ಡ ಬರುವ ಸಂಭವ ಶೇ 25, ತಾಂತ್ರಿಕ ದೋಷ ಶೇ 15, ಹಾರುವ ಸಂಭವ ಶೇ 60.

ಸಾಮಾನ್ಯವಾಗಿ ಮಾಡುವ ಲೆಕ್ಕ ಹೀಗೆ: ಒಂದು ಸಲ ಹಾರದಿರುವ ಸಂಭವ 0.4, ಮೂರು ಸಲವೂ ಹಾರದಿರುವುದು 0.4ರ ಘನ, ಅಂದರೆ 0.064. ಆದ್ದರಿಂದ ಹಾರುವ ಸಂಭವ ಶೇ 94. ಕೇಳಲು ಹಿತವಾಗಿದೆ.

ಈಗ ಒಂದು ನಿಜ ಸೇರಿಸಿ. ತಾಂತ್ರಿಕ ದೋಷಗಳಲ್ಲಿ ಅರ್ಧ ಎರಡು ದಿನದಲ್ಲಿ ಸರಿಯಾಗುವಂಥವು, ಇನ್ನರ್ಧ ಅವಧಿಯನ್ನೇ ಮೀರಿಸುವಂಥವು. ಆಗ ಪ್ರತಿ ಪ್ರಯತ್ನದಲ್ಲೂ ಶೇ 7.5 ಪಾಲು ಆಟದಿಂದಲೇ ಹೊರಗೆ ಹೋಗುತ್ತದೆ. ಮತ್ತೆ ಪ್ರಯತ್ನಕ್ಕೆ ಉಳಿಯುವುದು ಶೇ 32.5 ಮಾತ್ರ. ಮೂರು ಪ್ರಯತ್ನಗಳ ಮೊತ್ತ ಶೇ 86. ಇಲ್ಲಿ ಇನ್ನೊಂದು ಗಮನಿಸಬೇಕು: ಮೂರರ ಬದಲು ಎಷ್ಟೇ ಪ್ರಯತ್ನ ಕೊಟ್ಟರೂ ಇದು ಶೇ 89 ದಾಟುವುದಿಲ್ಲ. ದೊಡ್ಡ ದೋಷದ ಪಾಲನ್ನು ದಿನ ಹೆಚ್ಚಿಸಿ ತೊಳೆಯಲಾಗದು.

ಇನ್ನೊಂದು ನಿಜ: ಹವಾಮಾನ ಒಂದೇ ದಿನದಲ್ಲಿ ತಿರುಗುವುದು ಕಡಿಮೆ. ಇವತ್ತು ಕೆಟ್ಟಿದ್ದರೆ ನಾಳೆಯೂ ಕೆಡುವ ಸಂಭವ ಶೇ 25ರ ಬದಲು ಶೇ 50 ಎಂದಿಟ್ಟುಕೊಳ್ಳಿ. ಉತ್ತರ ಶೇ 81ಕ್ಕೆ ಇಳಿಯುತ್ತದೆ. ಶೇ 94ರಿಂದ 81. ಅಂದರೆ ಅವಧಿ ಕೈತಪ್ಪುವ ಅಪಾಯ ಶೇ 6ರಿಂದ 19ಕ್ಕೆ, ಮೂರು ಪಟ್ಟು ಏರಿತು. ಯಾವ ಒಂದು ಪ್ರಯತ್ನವೂ ಮೊದಲಿಗಿಂತ ಹೆಚ್ಚು ದುರ್ಬಲ ರಾಕೆಟ್‌ನಿಂದ ನಡೆದಿಲ್ಲ; ಅಡ್ಡಿಗಳು ಒಂದಕ್ಕೊಂದು ಅಂಟಿಕೊಂಡಿರುವುದನ್ನು ಲೆಕ್ಕಕ್ಕೆ ತಂದದ್ದಷ್ಟೇ.

ಕಂಪ್ಯೂಟರ್ ಇದನ್ನು ಹೇಗೆ ಮಾಡುತ್ತದೆ ಎಂದು ಒಂದು ಸುತ್ತು ನೋಡೋಣ. 1ರಿಂದ 1000ದೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ತೆಗೆಯುತ್ತದೆ. 1ರಿಂದ 250 ಬಂದರೆ ಹವಾಮಾನ, 251ರಿಂದ 325 ಸಣ್ಣ ದೋಷ, 326ರಿಂದ 400 ದೊಡ್ಡ ದೋಷ, ಮೇಲಿನದ್ದೆಲ್ಲ ಉಡಾವಣೆ. 137 ಬಂತು ಎನ್ನಿ: ಹವಾಮಾನದಿಂದ ರದ್ದು. ಮರುದಿನದ ಕೋಷ್ಟಕ ಬೇರೆ: 500ರವರೆಗೆ ಹವಾಮಾನ, 550ರವರೆಗೆ ಸಣ್ಣ ದೋಷ, 600ರವರೆಗೆ ದೊಡ್ಡ ದೋಷ. ಈಗ 588 ಬಂತು. ದೊಡ್ಡ ದೋಷ, ಅವಧಿ ಮುಗಿಯಿತು, ಈ ಸುತ್ತು ಸೋಲು ಎಂದು ಬರೆದುಕೊಳ್ಳುತ್ತದೆ. ಹೀಗೆ ಹತ್ತು ಸಾವಿರ ಸುತ್ತು. ಗೆದ್ದ ಸುತ್ತುಗಳ ಪಾಲೇ ಉತ್ತರ. ಸಾವಿರ ಸುತ್ತಿಗೆ ನಿಲ್ಲಿಸಿದರೆ ಶೇ 81 ಎಂಬುದು ಆಚೀಚೆ ಎರಡೂವರೆ ಅಂಶ ತೂಗುತ್ತದೆ. ಹತ್ತು ಸಾವಿರಕ್ಕೆ ಅದು ಒಂದಕ್ಕಿಂತ ಕಡಿಮೆ. ನಿಜವಾದ ಮಾದರಿಗಳಲ್ಲಿ ಇಂಥ ನೂರಾರು ಕೆಲಸಗಳು, ಹತ್ತಾರು ಕೋಷ್ಟಕಗಳು ಇರುತ್ತವೆ, ತತ್ವ ಇಷ್ಟೇ.

ಎಲ್ಲಿ ಎಡವುತ್ತದೆ

ಸುತ್ತು ಹೆಚ್ಚಿಸಿದರೆ ಲೆಕ್ಕದ ಅಲುಗಾಟ ತಗ್ಗುತ್ತದೆ, ಒಳಗೆ ಹಾಕಿದ ಊಹೆಯ ತಪ್ಪು ತಗ್ಗುವುದಿಲ್ಲ. ಈ ವಿಧಾನದ ದೊಡ್ಡ ತೊಂದರೆ ಇದು.

ಹೊಸ ರಾಕೆಟ್‌ಗೆ ಇತಿಹಾಸವೇ ಇರುವುದಿಲ್ಲ. ಹಾಗಾಗಿ ಹತ್ತಿರದ ಸಂಬಂಧಿಯ ದಾಖಲೆ ಹಿಡಿಯುತ್ತಾರೆ. ಅಮೆರಿಕದ ದ್ರವ ಜಲಜನಕದ ರಾಕೆಟ್‌ಗಳಿಗೆ ಆ ಸಂಬಂಧಿ ಸ್ಪೇಸ್ ಷಟಲ್: 135 ಯಾನಗಳ, ಅದಕ್ಕಿಂತ ಎಷ್ಟೋ ಹೆಚ್ಚು ಪ್ರಯತ್ನಗಳ ದಾಖಲೆ ಅಲ್ಲಿದೆ. ಅದರಲ್ಲಿ 2009ರ ಎಸ್‌ಟಿಎಸ್-127 ಎಂಬ ಷಟಲ್ ಯಾನ ಒಂದನ್ನೇ ನೋಡಿದರೂ ಸಾಕು. ಜೂನ್ 13ರಂದು ಇಂಧನ ಟ್ಯಾಂಕ್‌ನ ಪಕ್ಕದಲ್ಲಿ ಜಲಜನಕ ಆವಿ ಹೊರಹೋಗುವ ಕೊಳವೆಯ ಜೋಡಣೆ ಸೋರಿತು. ಸೀಲ್ ಬದಲಿಸಿದರು. ಜೂನ್ 17ರಂದು ಅದೇ ಜಾಗ ಮತ್ತೆ ಸೋರಿತು. ಜೋಡಣೆಯ ತಟ್ಟೆಯೇ ಸ್ವಲ್ಪ ಓರೆಯಾಗಿದ್ದದ್ದು ಆಮೇಲೆ ಪತ್ತೆಯಾಯಿತು. ಬಾಗಬಲ್ಲ ಎರಡು ಭಾಗದ ಸೀಲ್ ಹಾಕಿ ಜುಲೈ 1ಕ್ಕೆ ಇಂಧನ ತುಂಬಿ ಪರೀಕ್ಷಿಸಿದರು. ಆ ಹೊತ್ತಿಗೆ ಸೂರ್ಯನ ಕೋನದ ಕಾರಣ ನಿಲ್ದಾಣಕ್ಕೆ ಹೋಗುವ ಅವಧಿ ಮುಚ್ಚಿತ್ತು. ಜುಲೈ 11ರ ಪ್ರಯತ್ನಕ್ಕೆ ಹಿಂದಿನ ದಿನ ವೇದಿಕೆಯ ಸುತ್ತ ಸಿಡಿಲು, 12 ಮತ್ತು 13ಕ್ಕೆ ಗುಡುಗುಮೋಡ. ಆರನೇ ಪ್ರಯತ್ನದಲ್ಲಿ, ಜುಲೈ 15ಕ್ಕೆ ಹಾರಿತು. ಎರಡು ಸೋರಿಕೆಗೂ ಮೂಲ ಒಂದೇ, ಮೂರು ಸಂಜೆಯ ಮೋಡಕ್ಕೂ ಹವೆ ಒಂದೇ. ಐದು ರದ್ದತಿಗಳನ್ನು ಐದು ಬಿಡಿ ದುರದೃಷ್ಟ ಎಂದು ಮಾದರಿಗೆ ಹಾಕಿದವರ ಉತ್ತರ ಸುಳ್ಳಾಗುತ್ತದೆ. ದುರಸ್ತಿ ಫಲಿಸುವ ಸಂಭವವನ್ನು ಶೇ 100 ಎಂದು ಹಿಡಿಯುವುದು ನಾನು ಕಾಣುವ ಅತಿ ಸಾಮಾನ್ಯ ತಪ್ಪು.

ದಾಖಲೆ ಇಲ್ಲದ ಕಡೆ ತಂಡದವರನ್ನೇ ಕೇಳುತ್ತಾರೆ. ತನ್ನ ಕೆಲಸಕ್ಕೆ ಹೆಚ್ಚೆಂದರೆ ಎಷ್ಟು ದಿನ ಎಂದು ಕೇಳಿದರೆ ಮನುಷ್ಯ ತಾನು ಕಂಡ ಕೆಟ್ಟ ದಿನವನ್ನು ಹೇಳುತ್ತಾನೆ, ಕಾಣದ ಕೆಟ್ಟ ದಿನವನ್ನು ಹೇಳಲಾರ. 2010ರ ನವೆಂಬರ್ 5ಕ್ಕೆ ಎಸ್‌ಟಿಎಸ್-133 ಜಲಜನಕ ಸೋರಿಕೆಯಿಂದ ನಿಂತಾಗ, ಅದೇ ಟ್ಯಾಂಕ್‌ನ ಲೋಹದ ಪಟ್ಟಿಗಳಲ್ಲಿ ಬಿರುಕುಗಳೂ ಕಂಡವು. ಹಾರಿದ್ದು 2011ರ ಫೆಬ್ರುವರಿ 24. ಆಕ್ಸಿಯಮ್-4ರ ಜ್ವೆಜ್ದಾ ಕೂಡ ಹೀಗೇ: ರಾಕೆಟ್‌ಗೂ ನೌಕೆಗೂ ಸಂಬಂಧವಿಲ್ಲದ ಕಡೆಯಿಂದ ಬಂದ ತಡೆ. ಇಂಥವನ್ನು ಹೆಸರಿಟ್ಟು ಪಟ್ಟಿಗೆ ಸೇರಿಸಲಾಗದು. ಹಿಂದಿನ ಯಾನಗಳಲ್ಲಿ ಹೆಸರಿಲ್ಲದೆ ಬಂದ ತಡೆಗಳು ಒಟ್ಟು ಎಷ್ಟು, ಎಷ್ಟು ದಿನ ತಿಂದವು ಎಂದು ನೋಡಿ, ಉದ್ದ ಬಾಲದ ಒಂದು ವಿತರಣೆಯನ್ನು, ಅಂದರೆ ಅಪರೂಪಕ್ಕೆ ಬಹಳ ದಿನ ತಿನ್ನುವ ತಡೆಗಳಿಗೂ ಜಾಗವಿರುವ ಹರವನ್ನು, ಪ್ರತ್ಯೇಕವಾಗಿ ಇಡುವುದೇ ದಾರಿ.

ಅಂಕಿ ಹೇಳಬೇಕೇ, ಬೇಡವೇ

ಯೋಜನೆ ನಡೆಸುವವರಲ್ಲಿ ಅನೇಕರು ಒಂದೇ ದಿನ ಇರಲಿ ಎನ್ನುತ್ತಾರೆ. ನೂರಾರು ತಂಡಗಳು ಒಂದೇ ಗುರಿಗೆ ಓಡಬೇಕು, "ನವೆಂಬರ್‌ನಲ್ಲಿ ಶೇ 60" ಎಂದರೆ ಯಾರೂ ಅವಸರ ಮಾಡುವುದಿಲ್ಲ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಒಳಗಿನ ಕೆಲಸಕ್ಕೆ ಬಿಗಿ ದಿನಾಂಕ ಬೇಕು. ಕೆಲವು ಎಂಜಿನಿಯರ್‌ಗಳ ಆಕ್ಷೇಪ ಬೇರೆ: ಊಹೆಗಳ ಮೇಲೆ ನಿಂತ ಲೆಕ್ಕಕ್ಕೆ ಶೇ 81 ಎಂಬ ಖಚಿತ ಮುಖ ಕೊಟ್ಟರೆ ನೋಡಿದವರು ಅದನ್ನೇ ಸತ್ಯ ಎಂದು ನಂಬುತ್ತಾರೆ. ಇದೂ ನಿಜ. ಆದರೆ ಒಂದು ದಿನಾಂಕ ಅದಕ್ಕಿಂತಲೂ ಖಚಿತವಾದ ಮುಖ ಹೊತ್ತಿರುತ್ತದೆ, ಅದರ ಹಿಂದೆ ಲೆಕ್ಕವೂ ಇರುವುದಿಲ್ಲ.

ದಿನಾಂಕಕ್ಕೆ ಸಡಿಲ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೊಲಂಬಿಯಾ ದುರಂತದ ತನಿಖಾ ವರದಿ ಸಾಕ್ಷಿ. ನಿಲ್ದಾಣದ ಅಮೆರಿಕ ಭಾಗದ ಜೋಡಣೆ 2004ರ ಫೆಬ್ರುವರಿ 19ಕ್ಕೆ ಮುಗಿಯಬೇಕೆಂದು ಗುರಿ ಇತ್ತು. ಆ ದಿನಕ್ಕೆ ಇನ್ನೆಷ್ಟು ಸಮಯ ಎಂದು ಎಣಿಸುವ ಸ್ಕ್ರೀನ್‌ಸೇವರ್ ಅನ್ನು ವ್ಯವಸ್ಥಾಪಕರ ಕಂಪ್ಯೂಟರ್‌ಗಳಿಗೆ ಕಳಿಸಲಾಗಿತ್ತು. ಆ ವೇಳಾಪಟ್ಟಿಯಲ್ಲಿ ಉಳಿದಿದ್ದ ಸಡಿಲ ಕರಗುತ್ತ ಬಂದಂತೆ ಒತ್ತಡ ಹೇಗೆ ನಿರ್ಧಾರಗಳೊಳಗೆ ಇಳಿಯಿತು ಎಂದು ವರದಿ ವಿವರವಾಗಿ ಹೇಳುತ್ತದೆ. ದಿನಾಂಕ ಸಾಧ್ಯವೇ ಅಲ್ಲ ಎಂದು ಸಂಭವನೀಯತೆಯ ಲೆಕ್ಕ ಮೊದಲೇ ತೋರಿಸಿದರೆ, ಸೋರುವ ಸೀಲ್ ಮುಂದೆ ನಿಂತವನಿಗೆ "ಇವತ್ತು ಬೇಡ" ಎನ್ನುವ ಧೈರ್ಯ ಉಳಿಯುತ್ತದೆ. 2009ರಿಂದ ನಾಸಾ ತನ್ನ ದೊಡ್ಡ ಯೋಜನೆಗಳ ವೆಚ್ಚ ಮತ್ತು ವೇಳಾಪಟ್ಟಿಯನ್ನು ಒಟ್ಟಿಗೆ ಶೇ 70 ಭರವಸೆಯ ಮಟ್ಟಕ್ಕೆ ನಿಗದಿ ಮಾಡುವ ನೀತಿ ಇಟ್ಟುಕೊಂಡಿದೆ. ಉಡಾವಣೆಯ ದಿನಕ್ಕೂ ಹೀಗೆ ಒಂದು ಹರವನ್ನು ಜನರಿಗೆ ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಸ್ರೊ ಚಂದ್ರಯಾನ-3ಕ್ಕೆ 2023ರ ಜುಲೈ 12ರಿಂದ 19ರವರೆಗಿನ ಅವಧಿ ಎಂದು ಮೊದಲೇ ಹೇಳಿತ್ತು, ಹಾರಿದ್ದು 14ಕ್ಕೆ. ಯಾರಿಗೂ ಅದು ತಡ ಅನ್ನಿಸಲಿಲ್ಲ.

ಎರಡು ರಾಕೆಟ್, ಒಂದು ಯಾನ

ಒಂದೇ ಯಾನಕ್ಕೆ ಎರಡು ರಾಕೆಟ್ ಬೇಕಾದಾಗ ಈ ಲೆಕ್ಕ ಯೋಜನೆಯ ರೂಪವನ್ನೇ ನಿರ್ಧರಿಸುತ್ತದೆ. 2010ರಲ್ಲಿ ರದ್ದಾದ ಅಮೆರಿಕದ ಕಾನ್‌ಸ್ಟಲೇಷನ್ ಯೋಜನೆಯಲ್ಲಿ ಏರೀಸ್-5 ಚಂದ್ರನ ಲ್ಯಾಂಡರ್ ಒಯ್ಯುವುದು, ಸುಮಾರು 90 ನಿಮಿಷದ ಬಳಿಕ ಏರೀಸ್-1 ಗಗನಯಾತ್ರಿಗಳನ್ನು ಒಯ್ಯುವುದು ಎಂದಿತ್ತು. ಮೊದಲು ಹೋದ ಹಂತದೊಳಗಿನ ದ್ರವ ಜಲಜನಕ ದಿನವೂ ಆವಿಯಾಗುತ್ತದೆ, ಹಾಗಾಗಿ ನಾಲ್ಕು ದಿನದ ಮಿತಿ. ಆ ನಾಲ್ಕು ದಿನದಲ್ಲಿ ಎರಡನೆಯದು ಹಾರದಿದ್ದರೆ ಮೊದಲನೆಯದು ಅಷ್ಟೂ ವ್ಯರ್ಥ. ಯಾವುದು ಮೊದಲು, ಎಷ್ಟು ಅಂತರ, ಎಷ್ಟು ದಿನ ಕಾಯುವ ಶಕ್ತಿ ಎಂಬ ಮೂರು ಪ್ರಶ್ನೆಗಳನ್ನು ನಾಸಾ ತಂಡಗಳು ಸಿಮ್ಯುಲೇಷನ್‌ನಿಂದಲೇ ಪರಿಶೀಲಿಸಿದ್ದವು.

ನಮ್ಮ ಊಹೆಯ ಅಂಕಿಗಳಲ್ಲೇ ನೋಡಿ. ಮೊದಲನೆಯದು ಮೇಲೆ ಹೋದ ನಂತರ ಎರಡನೆಯದಕ್ಕೆ ಒಂದೇ ಪ್ರಯತ್ನ ಸಿಕ್ಕರೆ ಶೇ 60, ಎರಡು ಸಿಕ್ಕರೆ 75, ಮೂರಕ್ಕೆ 81, ನಾಲ್ಕಕ್ಕೆ 85. ಮೊದಲ ಹೆಚ್ಚುವರಿ ಪ್ರಯತ್ನ ಕೊಡುವ ಲಾಭ ಹದಿನೈದು ಅಂಶ, ಮೂರನೆಯದು ಬರೀ ನಾಲ್ಕು. ಕಕ್ಷೆಯಲ್ಲಿ ಕಾಯಲು ಹೊರುವ ಹೆಚ್ಚುವರಿ ತೂಕ ಎಲ್ಲಿಯವರೆಗೆ ಲಾಭ ಎಂಬುದು ಇದರಿಂದ ತಿಳಿಯುತ್ತದೆ. ಚಂದ್ರನ ಮೇಲಿಳಿಯಲು ಸ್ಪೇಸ್‌ಎಕ್ಸ್ ರೂಪಿಸುತ್ತಿರುವ ಸ್ಟಾರ್‌ಶಿಪ್ ಲ್ಯಾಂಡರ್‌ಗೆ ಕಕ್ಷೆಯಲ್ಲೇ ಇಂಧನ ತುಂಬಲು ಹಲವು ಟ್ಯಾಂಕರ್ ಉಡಾವಣೆ ಬೇಕು ಎಂಬ ಚರ್ಚೆಯ ತಿರುಳೂ ಇದೇ: ಪ್ರತಿಯೊಂದೂ ಶೇ 95 ಭರವಸೆಯಿಂದ ಸಮಯಕ್ಕೆ ಹೋದರೂ ಹತ್ತೂ ಹಾಗೇ ಹೋಗುವ ಸಂಭವ ಶೇ 60.

ಎರಡು ರಾಕೆಟ್‌ಗಳ ಇಂಥ ಯಾನ 1965ರಲ್ಲಿ ನಿಜವಾಗಿ ನಡೆದಿದೆ. ಅಮೆರಿಕದ ಮಾನವಸಹಿತ ನೌಕೆ ಜೆಮಿನಿ-7 ಡಿಸೆಂಬರ್ 4ಕ್ಕೆ ಹೋಯಿತು. ಅದೇ 19ನೇ ವೇದಿಕೆಯಿಂದ ಡಿಸೆಂಬರ್ 12ಕ್ಕೆ ಜೆಮಿನಿ-6ಎ ಹೊರಡಬೇಕಿತ್ತು. ಎಂಜಿನ್ ಉರಿದು, ಒಂದು ಪ್ಲಗ್ ಬೇಗ ಕಳಚಿದ್ದರಿಂದ ಒಂದು ಸೆಕೆಂಡ್ ಚಿಲ್ಲರೆಯಲ್ಲೇ ಆರಿತು. ಜೆಮಿನಿ-7ರ ಯಾನ 14 ದಿನದ್ದಾಗಿದ್ದರಿಂದ ಡಿಸೆಂಬರ್ 15ಕ್ಕೆ ಇನ್ನೊಂದು ಪ್ರಯತ್ನ ಸಾಧ್ಯವಾಯಿತು, ಎರಡೂ ನೌಕೆಗಳು ಕಕ್ಷೆಯಲ್ಲಿ ಹತ್ತಿರ ಬಂದವು.

ಚಂದ್ರಯಾನ-4ಕ್ಕೆ ಇದರಿಂದ ಏನು

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ, ಚಂದ್ರನ ಮಣ್ಣು ತರುವ ಚಂದ್ರಯಾನ-4ಕ್ಕೆ ಐದು ಮಾಡ್ಯೂಲ್‌ಗಳು, ಇಸ್ರೊದ ಭಾರೀ ರಾಕೆಟ್ ಎಲ್‌ವಿಎಂ-3ರ ಎರಡು ಉಡಾವಣೆಗಳು. ಅವು ಭೂಕಕ್ಷೆಯಲ್ಲಿ ಜೋಡಣೆಯಾಗಿ ಚಂದ್ರನತ್ತ ಹೋಗಬೇಕು. ಎಲ್‌ವಿಎಂ-3 ಹಾರುವುದು ಶ್ರೀಹರಿಕೋಟಾದ ಎರಡನೇ ಉಡಾವಣಾ ವೇದಿಕೆಯೊಂದರಿಂದಲೇ. 2025ರ ನವೆಂಬರ್ 2 ಮತ್ತು ಡಿಸೆಂಬರ್ 24ರ ಎರಡು ಎಲ್‌ವಿಎಂ-3 ಉಡಾವಣೆಗಳ ನಡುವಿನ ಅಂತರ 52 ದಿನ. ಎಲ್‌ವಿಎಂ-3ಕ್ಕೂ ನೆರವಾಗಬಲ್ಲ ಮೂರನೇ ವೇದಿಕೆಗೆ 3,984.86 ಕೋಟಿ ರೂಪಾಯಿ ಮಂಜೂರಾಗಿದೆ. ಅದಕ್ಕೆ ನಾಲ್ಕು ವರ್ಷದ ಗಡುವಿದೆ.

ನಮಗೊಂದು ಅನುಕೂಲ ಇದೆ. ಇಸ್ರೊ ಚಂದ್ರಯಾನ ನೌಕೆಗಳಲ್ಲಿ ಬಳಸುತ್ತ ಬಂದಿರುವ ಇಂಧನ ಸಾಮಾನ್ಯ ಉಷ್ಣತೆಯಲ್ಲೇ ದ್ರವವಾಗಿ ಉಳಿಯುತ್ತದೆ, ಕಾನ್‌ಸ್ಟಲೇಷನ್‌ನ ಜಲಜನಕದಂತೆ ನಾಲ್ಕು ದಿನಕ್ಕೆ ಹಾಳಾಗುವುದಿಲ್ಲ. ಮೊದಲ ಉಡಾವಣೆಯಲ್ಲಿ ಹೋದ ಮಾಡ್ಯೂಲ್‌ಗಳು ಕಕ್ಷೆಯಲ್ಲಿ ವಾರಗಟ್ಟಲೆ ಕಾಯಬಲ್ಲವು. ಆದರೆ ಕಾಯುವುದು ಪುಕ್ಕಟೆ ಅಲ್ಲ: ಕಕ್ಷೆ ಕುಸಿಯದಂತೆ ಎತ್ತಲು ಇಂಧನ, ದಿನಕ್ಕೆ ಹಲವು ಸಲ ಬಿಸಿಲು ನೆರಳು ದಾಟುವ ಬ್ಯಾಟರಿಗಳ ಸವೆತ, ವಿಕಿರಣ. ಚಂದ್ರನ ಮೇಲೆ ಇಳಿಯುವ ಜಾಗದಲ್ಲಿ ಸೂರ್ಯೋದಯವಾದ ಕೂಡಲೇ ಇಳಿಯಬೇಕೆಂದರೆ ಅವಕಾಶ ತಿಂಗಳಿಗೊಮ್ಮೆ. ಎರಡನೇ ರಾಕೆಟ್ ಮೂರು ದಿನ ತಡವಾದರೂ ಕಾಯುವಿಕೆ ಒಂದು ತಿಂಗಳು ಹಿಗ್ಗಬಹುದು. ಈ ಸಡಿಲವನ್ನು ಯಾನದ ನಕ್ಷೆಯೊಳಗೇ ಇಡಬಹುದು ಎಂದು ಇಸ್ರೊ ಒಮ್ಮೆ ತೋರಿಸಿದೆ. ಚಂದ್ರಯಾನ-2 2019ರ ಜುಲೈ 15ರಂದು ಕ್ಷಣಗಣನೆಯಲ್ಲಿ 56 ನಿಮಿಷ 24 ಸೆಕೆಂಡ್ ಉಳಿದಿದ್ದಾಗ ನಿಂತು 22ಕ್ಕೆ ಹಾರಿತು. ಚಂದ್ರನ ಸುತ್ತಲಿನ ದಿನಗಳನ್ನು ಕಡಿತ ಮಾಡಿ ಇಳಿಯುವ ದಿನವನ್ನು ಸೆಪ್ಟೆಂಬರ್ ಮೊದಲ ವಾರದಲ್ಲೇ ಉಳಿಸಿಕೊಂಡರು.

ಎರಡು ಉಡಾವಣೆಯ ಯಾನದಲ್ಲಿ ಸೋಲುಗಳ ಬೆಲೆಯೂ ಒಂದೇ ಅಲ್ಲ. ಮೊದಲ ಉಡಾವಣೆಗೆ ಮುನ್ನ ತಡವಾದರೆ ಹೋಗುವುದು ಒಂದು ತಿಂಗಳು. ಅದಾದ ಮೇಲೆ ಎರಡನೆಯದು ಸಿಕ್ಕಿಕೊಂಡರೆ ಕಕ್ಷೆಯಲ್ಲಿರುವ ಮಾಡ್ಯೂಲ್‌ಗಳೇ ಅಪಾಯಕ್ಕೆ ಸಿಲುಕುತ್ತವೆ. ಹಾಗಾಗಿ ಎರಡನೇ ರಾಕೆಟ್‌ನ ಎಲ್ಲ ಹಂತಗಳೂ ಪರೀಕ್ಷೆ ಮುಗಿಸಿ, ಜೋಡಣೆಯ ಕೊನೆಯ ಮಜಲಿಗೆ ಬರುವವರೆಗೆ ಮೊದಲನೆಯದನ್ನು ಬಿಡದಿರುವುದು, ಎರಡನೆಯದನ್ನು ಹಿಂಗಾರಿನ ತಿಂಗಳುಗಳಿಂದ ಹೊರಗಿಡುವುದು, ಮೊದಲ ಉಡಾವಣೆಯ ಬೆಂಕಿಗೆ ಸಿಕ್ಕ ವೇದಿಕೆಯನ್ನು ಸರಿಪಡಿಸಲು ಬೇಕಾದ ದಿನಗಳಿಗೂ ಒಂದು ಹರವು ಇಡುವುದು ಸರಿಯಾದ ಕ್ರಮ. ಚಂದ್ರಯಾನ-4ರ ವೇಳಾಪಟ್ಟಿ ಪ್ರಕಟವಾದಾಗ ಓದುಗರು ನೋಡಬೇಕಾದ ಅಂಕಿಗಳು ಎರಡು: ಮೊದಲು ಹೋದ ಮಾಡ್ಯೂಲ್‌ಗಳು ಕಕ್ಷೆಯಲ್ಲಿ ಎಷ್ಟು ದಿನ ಕಾಯಬಲ್ಲವು, ಅಷ್ಟು ದಿನದಲ್ಲಿ ಎರಡನೇ ರಾಕೆಟ್‌ಗೆ ಎಷ್ಟು ಪ್ರಯತ್ನ ಸಿಗುತ್ತದೆ.